ಮುಖವನ್ನು ಬಲ್ಲ ಗಾಜುಗಳು

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚೀಟಿ ಇವನ್ನು ಕೂಡಿಹಾಕುವವರನ್ನು ಲೋಕವು ಎಂದೋ ಕ್ಷಮಿಸಿಬಿಟ್ಟಿದೆ. ಹಳೆಯ ಕ್ಯಾಮೆರಾ ಮಸೂರಗಳನ್ನು ಕೂಡಿಹಾಕುವವನಿಗೆ ಆ ಕ್ಷಮೆ ಇನ್ನೂ ದೊರೆತಿಲ್ಲ. ನನ್ನ ಬೀರುವಿನ ಒಂದು ಅರೆಯಲ್ಲಿ ಸಾಲಾಗಿ ಕುಳಿತಿರುವ ಹದಿನಾಲ್ಕು ಮಸೂರಗಳನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇಷ್ಟೂ ಯಾತಕ್ಕೆ?" ಮುಖ ತೆಗೆಯುವುದಕ್ಕೆ, ಎಂದು ನಾನು ಹೇಳುತ್ತೇನೆ. ಪ್ರಶ್ನೆ ಕೇಳಿದವರಿಗೆ ಇದರಿಂದ ಸಮಾಧಾನವಾಗುವುದಿಲ್ಲ. ಮುಖಕ್ಕೆ ಒಂದು ಮಸೂರ ಸಾಲದೇ?

ಸಾಲದು ಎನ್ನುವುದೇ ಈ ಹೊತ್ತಿನ ನನ್ನ ಭಾಷಣದ ವಿಷಯ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತ, ಪೀನ ಮಸೂರ, ನಿಮ್ನ ಮಸೂರಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿದವನು ನಾನು. ಆ ಚಿತ್ರಗಳಲ್ಲಿ ಕಿರಣಗಳೆಲ್ಲ ವಿಧೇಯ ವಿದ್ಯಾರ್ಥಿಗಳಂತೆ ಒಂದೇ ಬಿಂದುವಿನಲ್ಲಿ ಬಂದು ಕೂಡುತ್ತವೆ. ನಿಜವಾದ ಗಾಜಿನಲ್ಲಿ ಹಾಗೆ ಕೂಡುವುದಿಲ್ಲ. ಅಂಚಿನಿಂದ ಬಂದ ಕಿರಣ ಒಂದು ಕಡೆ, ನಡುವಿನಿಂದ ಬಂದದ್ದು ಇನ್ನೊಂದು ಕಡೆ. ನೀಲಿ ಒಂದು ಕಡೆ, ಕೆಂಪು ಮತ್ತೊಂದು ಕಡೆ. ಈ ಅವಿಧೇಯತೆಯನ್ನು ಎಷ್ಟು ತಿದ್ದಬೇಕು, ಎಷ್ಟನ್ನು ಬಿಡಬೇಕು ಎಂಬುದರಲ್ಲಿ ಒಬ್ಬೊಬ್ಬ ಮಸೂರಕಾರನದು ಒಂದೊಂದು ಅಭಿಪ್ರಾಯ. ಆ ಅಭಿಪ್ರಾಯ ಕಲ್ಲು ಕಟ್ಟಡದ ಮೇಲೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮನುಷ್ಯನ ಮುಖದ ಮೇಲೆ ಬಿದ್ದರೆ ಮನೆಮಂದಿಗೆಲ್ಲ ತಿಳಿಯುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಿತ್ರದಲ್ಲಿ ಮೂಗು ದಪ್ಪಗೆ ಕಂಡರೆ ಅದು ಮಸೂರದ ದೋಷವೆಂದು ಹಲವರು ತಿಳಿಯುತ್ತಾರೆ. ಅದು ದೂರದ ಗುಣ. ಒಂದು ಮೊಳದ ದೂರದಿಂದ ನೋಡಿದಾಗ ಕಿವಿಗಿಂತ ಮೂಗು ಬಹಳ ಸಮೀಪದಲ್ಲಿರುತ್ತದೆ, ಆದುದರಿಂದ ಹಿಗ್ಗಿ ಕಾಣುತ್ತದೆ. ಆರೇಳು ಅಡಿ ಹಿಂದಕ್ಕೆ ಸರಿದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಜಗಲಿಯ ಎರಡು ಕಂಬಗಳಿಗೆ ಒರಗಿ ಇಬ್ಬರು ಮಾತಾಡುವಾಗ ಅವರ ನಡುವೆ ಇರುವ ದೂರವೂ ಅಷ್ಟೇ. ಆ ದೂರದಲ್ಲಿ ನಿಂತು 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟನ್ನು ತಲೆ ಹೆಗಲುಗಳಿಂದ ತುಂಬಬೇಕಾದರೆ ಮಸೂರದ ಸಂಗಮ ದೂರ 85ರಿಂದ 105 ಮಿಲಿಮೀಟರ್ ಆಸುಪಾಸಿನಲ್ಲಿರಬೇಕಾಗುತ್ತದೆ. ಮುಖಚಿತ್ರದ ಮಸೂರವೆಂದು ಪ್ರಸಿದ್ಧವಾದವುಗಳೆಲ್ಲ ಬಹುಮಟ್ಟಿಗೆ ಈ ಅಳತೆಯವು. ಇದರ ಜೊತೆಗೆ ಬಾಯಿಯೂ ಅಗಲವಾಗಿರಬೇಕು. ಆಗ ಕಣ್ಣು ಸ್ಫುಟವಾಗಿ ಮೂಡಿ, ಹಿಂದಿನ ಗೋಡೆ, ಬಟ್ಟೆ ಒಣಹಾಕಿದ ತಂತಿ, ಇಣುಕಿ ನೋಡುವ ಪಕ್ಕದ ಮನೆಯ ಹುಡುಗ, ಇವೆಲ್ಲ ಮಸುಕಿನಲ್ಲಿ ಕರಗಿಹೋಗುತ್ತವೆ.

ಅಗಲವಾದ ಬಾಯಿಯ ಕಥೆ ಆರಂಭವಾಗುವುದು ವಿಯೆನ್ನಾ ನಗರದಲ್ಲಿ. 1839ರಲ್ಲಿ ಫ್ರಾನ್ಸಿನ ದಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದಾಗ ಜನ ಬೆರಗಾದರು. ಆದರೆ ಅವರೆಲ್ಲ ಬಯಸಿದ್ದು ತಮ್ಮ ಮುಖವನ್ನು ನೋಡಿಕೊಳ್ಳಲು, ದೊರೆತದ್ದು ಮಾತ್ರ ಬೀದಿ ಕಟ್ಟಡಗಳ ಚಿತ್ರ. ಆಗಿನ ಮಸೂರಕ್ಕೆ ಬೆಳಕು ಹೋಗುವ ಕಿಂಡಿ ಅಷ್ಟು ಕಿರಿದು. ಬಿಸಿಲಿನಲ್ಲಿ ನಿಮಿಷಗಟ್ಟಲೆ ಕದಲದೆ ಕುಳಿತುಕೊಳ್ಳಬಲ್ಲ ಮನುಷ್ಯ ಯಾರು? ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಕೊಟ್ಟು ಕೂರಿಸುತ್ತಿದ್ದರು. ಹಾಗೆ ತೆಗೆದ ಮುಖಗಳಲ್ಲಿ ಕಾಣುವ ಗಾಂಭೀರ್ಯ ಬಹುಪಾಲು ಆ ಕಬ್ಬಿಣದ್ದು.

ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಪೆಟ್ಸ್‌ವಾಲ್ ಇದನ್ನು ಲೆಕ್ಕದ ಸಮಸ್ಯೆಯೆಂದು ಕೈಗೆತ್ತಿಕೊಂಡ. ಈತ ಇಂದಿನ ಸ್ಲೊವಾಕಿಯಾದಲ್ಲಿರುವ ಒಂದು ಸಣ್ಣ ಊರಿನವನು, 1807ರಲ್ಲಿ ಹುಟ್ಟಿದವನು. ಅದುವರೆಗೆ ಗಾಜನ್ನು ಉಜ್ಜಿ ನೋಡಿ, ಮತ್ತೆ ಉಜ್ಜಿ, ಹೀಗೆ ಕೈಯಳತೆಯಲ್ಲಿ ಮಸೂರಗಳು ತಯಾರಾಗುತ್ತಿದ್ದವು. ಪೆಟ್ಸ್‌ವಾಲ್ ಗಾಜನ್ನು ಮುಟ್ಟುವುದಕ್ಕೆ ಮೊದಲೇ ಕಾಗದದ ಮೇಲೆ ಪ್ರತಿ ಕಿರಣದ ದಾರಿಯನ್ನೂ ಲೆಕ್ಕ ಹಾಕಬೇಕೆಂದ. ಆ ಲೆಕ್ಕ ಒಬ್ಬನಿಂದ ಮುಗಿಯುವಂಥದಲ್ಲ. ಆಗ ಆಸ್ಟ್ರಿಯಾದ ತೋಪಖಾನೆಯ ಮೇಲಧಿಕಾರಿಯಾಗಿದ್ದ ರಾಜಬಂಧು ಲುಡ್ವಿಗ್ ಅವನ ನೆರವಿಗೆಂದು ಎಂಟು ಮಂದಿ ಗೋಲಂದಾಜರನ್ನೂ ಮೂವರು ಕಾರ್ಪೋರಲ್‌ಗಳನ್ನೂ ಕಳುಹಿಸಿಕೊಟ್ಟ. ಗುಂಡಿನ ದಾರಿಯನ್ನು ಗುಣಿಸಿ ಭಾಗಿಸಿ ಪಳಗಿದ ಕೈಗಳು ಅವು. ನಮ್ಮ ಅಜ್ಜ ಮುತ್ತಜ್ಜಿಯರ ಮುಖಗಳು ಗೋಡೆಯ ಮೇಲೆ ಉಳಿದುಬಂದದ್ದರ ಹಿಂದೆ ಹನ್ನೊಂದು ಜನ ಫಿರಂಗಿಯವರ ಕೂಡುವ ಕಳೆಯುವ ಲೆಕ್ಕವಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯ. ಸೈನ್ಯವು ಮುಖಗಳಿಗೆ ಮಾಡಿದ ಉಪಕಾರಗಳ ಪಟ್ಟಿ ಬಹಳ ದೊಡ್ಡದಾಗಿರಲಾರದು.

1840ರಲ್ಲಿ ಸಿದ್ಧವಾದ ಆ ಮಸೂರದಲ್ಲಿ ನಾಲ್ಕು ಗಾಜುಗಳು: ಮುಂದೆ ಅಂಟಿಸಿದ ಒಂದು ಜೋಡಿ, ಹಿಂದೆ ನಡುವೆ ಸಂದು ಬಿಟ್ಟ ಇನ್ನೊಂದು ಜೋಡಿ. ಕಿಂಡಿಯ ಅಳತೆ ಸುಮಾರು ಎಫ್ 3.6. ಹಾಗೆಂದರೆ ಸಂಗಮ ದೂರವು ಕಿಂಡಿಯ ಅಡ್ಡಳತೆಯ ಮೂರೂವರೆ ಪಟ್ಟು ಎಂದು ಅರ್ಥ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ದಗೇರನ ಕಾಲದ ಮಸೂರಕ್ಕೆ ಹೋಲಿಸಿದರೆ ಇದು ಹದಿನೈದು ಪಟ್ಟಿನಷ್ಟು ಬೆಳಕನ್ನು ಒಳಕ್ಕೆ ಬಿಡುತ್ತಿತ್ತು. ನಿಮಿಷಗಳು ಕ್ಷಣಗಳಾದವು, ಕಬ್ಬಿಣದ ಆಸರೆಯ ಹಿಡಿತ ಸಡಿಲವಾಯಿತು. ಫೋಗ್ಟ್‌ಲೆಂಡರ್ ಎಂಬ ಮಸೂರ ತಯಾರಕ ಇದನ್ನು ಮಾಡಿ ಮಾರಿದ. 1841ರಲ್ಲಿ ಇದಕ್ಕೆಂದೇ ಹಿತ್ತಾಳೆಯ ಕ್ಯಾಮೆರಾವನ್ನೂ ಹೊರತಂದ. ಅದರಲ್ಲಿ ಮೂಡುತ್ತಿದ್ದುದು ಅಂಗೈಯಗಲದ ದುಂಡು ಚಿತ್ರ. ಪೆಟ್ಸ್‌ವಾಲನಿಗೆ ಒಂದೇ ಗಂಟಿನಲ್ಲಿ ಎರಡು ಸಾವಿರ ಗುಲ್ಡನ್ ಸಂದಿತು, ಅಷ್ಟೇ. ಮಸೂರ ಸಾವಿರ ಸಾವಿರವಾಗಿ ಮಾರಾಟವಾಗಿ, ಬೇರೆ ದೇಶಗಳಲ್ಲಿ ನಕಲೂ ಆಗುತ್ತಿದ್ದಾಗ ಅವನಿಗೂ ತಯಾರಕನಿಗೂ ಮನಸ್ತಾಪ ಬೆಳೆಯಿತು. 1859ರಲ್ಲಿ ಅವನ ಮನೆಗೆ ಕಳ್ಳರು ನುಗ್ಗಿದಾಗ ಹಸ್ತಪ್ರತಿಗಳು ಹಾಳಾದವು. ದೃಗ್ವಿಜ್ಞಾನದ ಮೇಲೆ ಅವನು ಬರೆಯುತ್ತಿದ್ದ ದೊಡ್ಡ ಗ್ರಂಥ ಹಾಗೆಯೇ ನಿಂತುಹೋಯಿತು. 1891ರಲ್ಲಿ ತೀರಿಕೊಂಡ.

ಪೆಟ್ಸ್‌ವಾಲನ ಮಸೂರಕ್ಕೆ ಒಂದು ದೊಡ್ಡ ದೋಷವಿತ್ತು. ಚಿತ್ರದ ನಡುವೆ ಮಾತ್ರ ಸ್ಫುಟತೆ. ಅಂಚಿಗೆ ಹೋದಂತೆ ಎಲ್ಲವೂ ಸಡಿಲಗೊಂಡು, ಸುಳಿಯಂತೆ ತಿರುಗಿ ಕದಡಿಹೋಗುತ್ತಿತ್ತು. ಮುಖವಿರುವುದು ನಡುವೆಯೇ ಆದುದರಿಂದ ಈ ದೋಷವೇ ಗುಣವಾಯಿತು. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳನ್ನು ಕಂಡವರಿಗೆ ಮರದ ಪೆಟ್ಟಿಗೆ, ಮೂರು ಕಾಲಿನ ಪೀಠ, ತಲೆಯ ಮೇಲೆ ಹೊದೆಯುವ ಕರಿಯ ಬಟ್ಟೆ, ಮುಂದೆ ಹೊಳೆಯುವ ಹಿತ್ತಾಳೆಯ ಕೊಳವೆ ನೆನಪಿರಬಹುದು. ಮುಚ್ಚಳ ತೆಗೆದು, ಬಾಯಲ್ಲಿ ಒಂದು ಎರಡು ಎಂದು ಎಣಿಸಿ, ಮತ್ತೆ ಮುಚ್ಚಿದರೆ ಚಿತ್ರವಾಯಿತು. ಅಂಥದೊಂದು ಕೊಳವೆ ನನಗೆ ಸಿಕ್ಕಿದ್ದು ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ, ಒಡೆದ ಕೊಳಗಗಳ ನಡುವೆ. ಅಂಗಡಿಯವರು ಅದನ್ನು ಹಿತ್ತಾಳೆಯ ತೂಕಕ್ಕೇ ಕೊಟ್ಟರು. ಗಾಜಿನ ತೂಕವನ್ನು ಕಳೆಯಲಿಲ್ಲ ಎಂದಷ್ಟೇ ನಾನು ಅವರ ಮೇಲೆ ಹೊರಿಸಬಹುದಾದ ಆರೋಪ. ತಯಾರಕನ ಹೆಸರು ಅದರ ಮೇಲಿಲ್ಲ. ಹೆಸರಿಲ್ಲದ ಮಸೂರದ ಕುಲವನ್ನು ಕಂಡುಹಿಡಿಯುವ ಉಪಾಯವೊಂದುಂಟು. ಕತ್ತಲ ಕೋಣೆಯಲ್ಲಿ ದೀಪದೆದುರು ಅದನ್ನು ಓರೆಯಾಗಿ ಹಿಡಿದು ಒಳಗೆ ಕಾಣುವ ದೀಪಗಳನ್ನು ಎಣಿಸಬೇಕು. ಗಾಳಿ ತಾಕುವ ಪ್ರತಿ ಮೈಯೂ ಒಂದು ಉಜ್ವಲ ದೀಪವನ್ನು ತೋರುತ್ತದೆ. ಅಂಟಿಸಿದ ಮೈ ತೋರುವುದು ಮಂಕಾದ ಒಂದು ಕಿಡಿಯನ್ನು. ಮುಂದಿನ ಭಾಗದಲ್ಲಿ ಎರಡು ಉಜ್ವಲ, ಒಂದು ಮಂಕು. ಹಿಂದಿನ ಭಾಗದಲ್ಲಿ ನಾಲ್ಕೂ ಉಜ್ವಲ. ವಿಯೆನ್ನಾದ ಗೋಲಂದಾಜರ ಲೆಕ್ಕವೇ ಶಿವಮೊಗ್ಗದ ಗುಜರಿಯಲ್ಲಿ ಬಿದ್ದಿತ್ತು.

ಮಸೂರವನ್ನು ಎಷ್ಟು ಚೊಕ್ಕಟಗೊಳಿಸಬೇಕು ಎಂಬ ವಾದವೂ ಅಷ್ಟೇ ಹಳೆಯದು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಇಂಗ್ಲೆಂಡಿನಲ್ಲಿ ನೆಲೆಸಿದ್ದಾಗ, 1863ರಲ್ಲಿ, ಮಗಳು ಅಳಿಯ ಆಕೆಗೊಂದು ಕ್ಯಾಮೆರಾ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಹೆಸರೂ ಕ್ಯಾಮೆರನ್, ಕೈಗೆ ಬಂದದ್ದೂ ಕ್ಯಾಮೆರಾ! ಪೆಟ್ಸ್‌ವಾಲ್ ಜಾತಿಯ ಮಸೂರದಿಂದ ಆಕೆ ಕವಿ ಟೆನಿಸನ್, ಖಗೋಳವಿಜ್ಞಾನಿ ಹರ್ಷೆಲ್ ಮೊದಲಾದವರ ಮುಖಗಳನ್ನು ತೆಗೆದಳು. ಮಸೂರವನ್ನು ತಿರುಗಿಸುತ್ತ ಹೋಗಿ, ತನ್ನ ಕಣ್ಣಿಗೆ ಚೆಲುವೆನಿಸಿದಲ್ಲಿ ನಿಲ್ಲಿಸಿಬಿಡುವುದು ಆಕೆಯ ಪದ್ಧತಿ. ಇನ್ನೂ ಸ್ಫುಟವಾಗುವುದಿತ್ತೇ ಎಂಬ ಚಿಂತೆ ಆಕೆಗಿರಲಿಲ್ಲ. ಅಂದಿನ ಪಂಡಿತರು ಇದನ್ನು ಕೈಯ ಅಸಡ್ಡೆಯೆಂದು ಹೀಗಳೆದರು. ಆಕೆ ತೀರಿಕೊಂಡದ್ದು 1879ರಲ್ಲಿ, ಸಿಂಹಳದಲ್ಲಿ. ಆಕೆಯ ಮಂಜು ಮುಸುಕಿದ ಮುಖಗಳು ಇಂದಿಗೂ ಉಸಿರಾಡುತ್ತಿವೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಮಂಜನ್ನೇ ತಯಾರಿಸಿ ಮಾರುವವರು ಹುಟ್ಟಿಕೊಂಡರು. ಛಾಯಾಚಿತ್ರಕಾರ ಹೈನ್‌ರಿಕ್ ಕ್ಯೂನ್‌ನ ಒತ್ತಾಸೆಯಿಂದ ಜರ್ಮನಿಯ ರೋಡೆನ್‌ಸ್ಟಾಕ್ ಕಂಪೆನಿ ಇಮಾಗೋನ್ ಎಂಬ ಮಸೂರವನ್ನು ತಂದಿತು. ಅದರ ಕಿಂಡಿಗೆ ಹಾಕುವ ತಟ್ಟೆ ನಮ್ಮ ಅಡುಗೆಮನೆಯ ಜಾಲರಿಯಂತೆ: ನಡುವೆ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ನಡುವಿನ ತೂತು ಸ್ಫುಟ ಬಿಂಬವನ್ನು ಬರೆಯುತ್ತದೆ; ಸುತ್ತಲಿನವು ಅದರ ಮೇಲೆ ತೆಳುವಾದ ಬೆಳಕಿನ ಸೆರಗನ್ನು ಹೊದಿಸುತ್ತವೆ. 1935ರಲ್ಲಿ ಲೈಟ್ಸ್ ಕಂಪೆನಿ ತಂದ 90 ಮಿಲಿಮೀಟರಿನ ಥಾಂಬಾರ್ ಮಸೂರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಮುಂದಿಡುವ ಗಾಜಿನ ನಡುವೆ ಒಂದು ಬೊಟ್ಟು. ನಡುವಿನ ವಿಧೇಯ ಕಿರಣಗಳನ್ನು ತಡೆದು, ಅಂಚಿನ ತುಂಟ ಕಿರಣಗಳನ್ನೇ ಒಳಬಿಡುವ ಏರ್ಪಾಡು. ಈಗ ಅದನ್ನು ಕೊಳ್ಳುವುದು ನನ್ನಂಥ ಪಿಂಚಣಿದಾರನ ಮಾತಲ್ಲ. ಭೂತಗನ್ನಡಿಯೊಂದರ ಗಾಜನ್ನು ರಟ್ಟಿನ ಕೊಳವೆಯಲ್ಲಿ ಕೂರಿಸಿ, ಕರಿಯ ಕಾಗದದಲ್ಲಿ ಕ್ಯೂನ್ ಮಹಾಶಯನ ಜಾಲರಿಯನ್ನು ಕೊರೆದು ಹಚ್ಚಿ, ಅದೇ ನನ್ನ ಇಮಾಗೋನ್ ಎಂದು ತೃಪ್ತನಾಗಿದ್ದೇನೆ. ನನ್ನ ಹದಿನಾಲ್ಕರಲ್ಲಿ ಇದೂ ಒಂದು.

ಇದಕ್ಕೆ ನೇರ ಎದುರಿನ ಸಂಪ್ರದಾಯ ಜೈಸ್ ಕಂಪೆನಿಯ ಸೊನ್ನಾರ್ ಮಸೂರದ್ದು. ಅದನ್ನು ರೂಪಿಸಿದವನು ಲುಡ್ವಿಗ್ ಬೆರ್ಟೆಲೆ, 1930ರ ದಶಕದ ಆರಂಭದಲ್ಲಿ. ಗಾಜಿಗೆ ಲೇಪ ಕೊಡುವ ವಿದ್ಯೆ ಆಗ ಬಳಕೆಗೆ ಬಂದಿರಲಿಲ್ಲ. ಗಾಳಿ ತಾಕುವ ಒಂದೊಂದು ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಕ್ಕೆ ಚಿಮ್ಮಿ, ಒಳಗೆಲ್ಲ ಅಲೆದು, ಚಿತ್ರವನ್ನು ಮಂಕಾಗಿಸುತ್ತಿತ್ತು. ಬೆರ್ಟೆಲೆ ಗಾಜುಗಳನ್ನು ಮೂರು ಮೂರಾಗಿ ಅಂಟಿಸಿ ಗಾಳಿಯ ಮೈಗಳನ್ನು ಆರಕ್ಕೆ ಇಳಿಸಿದ. ಅದರಿಂದ ಬಂದದ್ದು ದಟ್ಟವಾದ ಕಪ್ಪು, ತಿಳಿಯಾದ ಬಿಳುಪು, ಮತ್ತು ಹಿನ್ನೆಲೆಯಲ್ಲಿ ಬೆಣ್ಣೆಯಂಥ ಮಸುಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರ ಅನಂತರ, ಜೈಸ್ ಕಾರ್ಖಾನೆಯ ಯಂತ್ರಗಳು, ನಕ್ಷೆಗಳು, ಗಾಜು ಇವೆಲ್ಲ ಯುದ್ಧಪರಿಹಾರವೆಂದು ಸೋವಿಯತ್ ದೇಶಕ್ಕೆ ಸಾಗಿದವು. 85 ಮಿಲಿಮೀಟರಿನ ಸೊನ್ನಾರ್ ಅಲ್ಲಿ ಜ್ಯೂಪಿಟರ್ 9 ಎಂಬ ಹೊಸ ಹೆಸರು ಪಡೆಯಿತು. ನನ್ನಲ್ಲಿರುವ ಜ್ಯೂಪಿಟರ್ ತರಬೇತಿಗೆಂದು ಮಾಸ್ಕೋಗೆ ಹೋಗಿದ್ದ ಎಂಜಿನಿಯರರೊಬ್ಬರು ತಂದದ್ದು. ಸೋವಿಯತ್ ಮಸೂರಗಳ ಕ್ರಮಸಂಖ್ಯೆಯ ಮೊದಲೆರಡು ಅಂಕಿಗಳು ಸಾಮಾನ್ಯವಾಗಿ ಹುಟ್ಟಿದ ವರ್ಷವನ್ನೇ ಹೇಳುತ್ತವೆ. ಜಾತಕ ಬೇರೆ ಬರೆಸಬೇಕಾಗಿಲ್ಲ. ಇದರದು 76. ಕಿಂಡಿಗೆ ಹದಿನೈದು ತಗಡಿನ ಎಸಳುಗಳು. ಎಷ್ಟು ಮುಚ್ಚಿದರೂ ಕಿಂಡಿ ದುಂಡಗೇ ಉಳಿಯುತ್ತದೆ. ತಿರುಗಿಸುವ ಬಳೆಯಲ್ಲಿನ ಗ್ರೀಸು ಮಾತ್ರ ಒಣಗಿ ಬೆಲ್ಲದ ಪಾಕದಂತಾಗಿದೆ. ಬೆಳಗಿನ ಚಳಿಯಲ್ಲಿ ಅದನ್ನು ತಿರುಗಿಸುವುದೆಂದರೆ ಒರಳುಕಲ್ಲು ತಿರುಗಿಸಿದಂತೆ.

ಜಪಾನಿನವರ ಕಥೆ ಬೇರೆ. 1950ರಲ್ಲಿ ಅಮೆರಿಕದ ಯುದ್ಧಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ, ಜುನ್ ಮಿಕಿ ಎಂಬ ತರುಣ ಮಂದ ಬೆಳಕಿನಲ್ಲಿಯೇ ಅವನದೊಂದು ಚಿತ್ರ ತೆಗೆದ. ಮಸೂರ 85 ಮಿಲಿಮೀಟರಿನ ನಿಕ್ಕೋರ್. ಅಚ್ಚನ್ನು ನೋಡಿದ ಡಂಕನ್, ಇದರಲ್ಲಿ ಹುರುಳಿದೆಯೆಂದು ನೇರ ಕಾರ್ಖಾನೆಗೇ ಹೋದ. ಕೆಲವೇ ದಿನಗಳಲ್ಲಿ ಕೊರಿಯಾದ ಯುದ್ಧ ಆರಂಭವಾಯಿತು. ಅವನು ಆ ಮಸೂರಗಳನ್ನೇ ಕೊಂಡೊಯ್ದ. ಜರ್ಮನಿಯ ನಕಲೆಂದು ಮೂಗು ಮುರಿಯುತ್ತಿದ್ದವರು ಅವನ ಚಿತ್ರಗಳನ್ನು ಕಂಡ ಮೇಲೆ ಮಾತು ಬದಲಿಸಿದರು. ಆ ವಂಶದ 105 ಮಿಲಿಮೀಟರ್, ಎಫ್ 2.5 ನಿಕ್ಕೋರ್ ಮೊದಲು ಸೊನ್ನಾರ್ ಕ್ರಮದ್ದೇ ಆಗಿದ್ದು, 1971ರಲ್ಲಿ ಒಳಗಿನ ವಿನ್ಯಾಸ ಬದಲಾಯಿತು. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫಘಾನ್ ಬಾಲಕಿಯ ಚಿತ್ರವನ್ನು ನೀವೂ ನೋಡಿರಬಹುದು. ಅದು ಈ ಮಸೂರದ ಕೆಲಸ. ನನ್ನ ಬಳಿಯ ಪ್ರತಿ ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿತು, ಹಳೆಯ ಬೀಗಗಳ ರಾಶಿಯ ಪಕ್ಕದಲ್ಲಿ.

ಇನ್ನು ಹೋಲಿಕೆಯ ಮಾತು. ಮಸೂರಗಳನ್ನು ಹೋಲಿಸುವ ಉತ್ಸಾಹಿಗಳು ಸಾಮಾನ್ಯವಾಗಿ ಇಟ್ಟಿಗೆ ಗೋಡೆಯನ್ನೋ ವೃತ್ತಪತ್ರಿಕೆಯ ಹಾಳೆಯನ್ನೋ ತೆಗೆದು, ಮೂಲೆಯ ಅಕ್ಷರ ಎಷ್ಟು ಸ್ಫುಟವೆಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ನನಗೆ ಅದು ಹುಡುಗಿಯ ಸಂಗೀತವನ್ನು ಪರೀಕ್ಷಿಸಲು ಆಕೆಯಿಂದ ಮಗ್ಗಿ ಹೇಳಿಸಿದಂತೆ ಕಾಣುತ್ತದೆ. ಮುಖಚಿತ್ರದ ಮಸೂರವನ್ನು ಮುಖದ ಮೇಲೆಯೇ ಪರೀಕ್ಷಿಸಬೇಕು. ಅದಕ್ಕೆ ತಾಳ್ಮೆಯಿಂದ ಕೂರುವ ಒಂದು ಮುಖ ಬೇಕು. ನನಗೆ ದೊರೆತದ್ದು ನಮ್ಮ ಅಕ್ಕನ ಮುಖ.

ಅಕ್ಕನಿಗೆ ಈಗ ಎಂಬತ್ತಮೂರು. ಆರು ವರ್ಷದವಳಾಗಿದ್ದಾಗ ಸಿಡುಬು ಬಂದು ಮುಖದ ತುಂಬ ಕಲೆಗಳು ಉಳಿದವು. 1962ರಲ್ಲಿ ಆಕೆಗೆ ಗಂಡು ಹುಡುಕುವಾಗ ಜಾತಕದೊಡನೆ ಕಳುಹಿಸಲೆಂದು ಪಟ್ಟಣದ ಸ್ಟುಡಿಯೋ ಒಂದರಲ್ಲಿ ಫೋಟೋ ತೆಗೆಸಿದ್ದರು. ಆ ಕಾಲದಲ್ಲಿ ನೆಗೆಟಿವ್ ತಿದ್ದುವುದು ಒಂದು ಕುಶಲಕಲೆ. ಕಲೆಯ ನೆರಳು ನೆಗೆಟಿವ್‌ನಲ್ಲಿ ತಿಳಿಯಾದ ಚುಕ್ಕೆಯಾಗಿರುತ್ತದೆ. ಚೂಪಾದ ಸೀಸದಕಡ್ಡಿಯಿಂದ ಅದನ್ನು ನವಿರಾಗಿ ತುಂಬಿದರೆ ಅಚ್ಚಿನಲ್ಲಿ ಕಲೆ ಮಾಯ. ನಮ್ಮ ತಂದೆ ಕೇಳಿರಲಿಲ್ಲ, ಅಕ್ಕನೂ ಕೇಳಿರಲಿಲ್ಲ. ಸ್ಟುಡಿಯೋದವರು ಉಪಕಾರವೆಂದೇ ಭಾವಿಸಿ ಒಂದೊಂದು ಕಲೆಯನ್ನೂ ತುಂಬಿದ್ದರು. ಚಿತ್ರ ಗೊಂಬೆಯಂತೆ ಬಂದಿತ್ತು. ಗಂಡಿನ ಕಡೆಯವರು ಬಂದರು, ಕೇಸರಿಬಾತು ತಿಂದರು, ಅಕ್ಕ ತಾಂಬೂಲದ ತಟ್ಟೆ ಹಿಡಿದು ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕನೆಯ ದಿನ ಕಾಗದ ಬಂತು: ತಾವು ಒಪ್ಪಿದ್ದು ಫೋಟೋದಲ್ಲಿದ್ದ ಹುಡುಗಿಯನ್ನು ಎಂದು. ನಾನಾಗ ಹದಿನಾಲ್ಕು ವರ್ಷದವನು. ಆ ಕಾಗದವನ್ನು ತಂದೆಗೆ ಓದಿಹೇಳಿದವನು ನಾನೇ. ಆಮೇಲೆ ತಂದೆ ಯಾರಿಗೂ ಫೋಟೋ ಕಳುಹಿಸಲಿಲ್ಲ. ಎರಡು ವರ್ಷದ ಮೇಲೆ, ಹುಡುಗಿಯನ್ನು ಕಣ್ಣಾರೆ ನೋಡಿ ಒಪ್ಪಿದವರ ಮನೆಗೆ ಅಕ್ಕ ಸೊಸೆಯಾಗಿ ಹೋದಳು.

ಕಳೆದ ಮಳೆಗಾಲದ ಕೊನೆಯಲ್ಲಿ ಅಕ್ಕ ತಾನಾಗಿಯೇ ಕೇಳಿದಳು: "ಗೋಡೆಗೆ ಹಾಕೋ ಫೋಟೋ ಒಂದು ತೆಗೆದಿಟ್ಟುಬಿಡೋ. ಆಮೇಲೆ ಯಾರದೋ ಮದುವೆ ಗುಂಪಿನಿಂದ ನನ್ನ ತಲೆ ಕತ್ತರಿಸಿ ದೊಡ್ಡದು ಮಾಡಿಸಬೇಡಿ." ಗೋಡೆಗೆ ಹಾಕುವ ಫೋಟೋ ಎಂದರೆ ಯಾವುದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಿನ ಹತ್ತು ಗಂಟೆ, ಜಗಲಿಯ ನೆರಳು, ಹಿಂದೆ ಅಡಿಕೆ ತೋಟ. ಏಳು ಅಡಿ ದೂರದಲ್ಲಿ ಕುರ್ಚಿ. ಕ್ಯಾಮೆರಾ ಒಂದೇ, ಮಸೂರಗಳು ಐದು. ಒಂದೊಂದರಲ್ಲೂ ಮೊದಲು ಕಿಂಡಿಯನ್ನು ಪೂರ್ತಿ ತೆರೆದು, ಆಮೇಲೆ ಎಫ್ 4ಕ್ಕೆ ಮುಚ್ಚಿ ತೆಗೆದೆ. ರಟ್ಟಿನ ಕೊಳವೆಗೆ ಮಾತ್ರ ಒಂದೇ ಕಿಂಡಿ. ಕಣ್ಣಿನ ರೆಪ್ಪೆಯ ಮೇಲೆ ಫೋಕಸ್. ಗೆಳೆಯರಿಂದ ಎರವಲು ತಂದಿದ್ದ ಹೀಲಿಯಾಸ್ 40 ಎಂಬ 85 ಮಿಲಿಮೀಟರಿನ ರಷ್ಯನ್ ಮಸೂರ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಎಫ್ 1.5ರ ಅದರ ಬಾಯನ್ನು ಪೂರ್ತಿ ತೆರೆದು, ಮುಖದ ಸಮೀಪಕ್ಕೆ ಹೋದರೆ, ಸ್ಫುಟವಾಗಿ ಮೂಡುವ ಆಳ ಒಂದೆರಡು ಅಂಗುಲಕ್ಕಿಂತ ಹೆಚ್ಚಿಲ್ಲ. ಅಕ್ಕ ಉಸಿರೆಳೆದರೆ ರೆಪ್ಪೆ ಫೋಕಸ್ಸಿನಿಂದ ಆಚೆಗೆ ಹೋಗುತ್ತಿತ್ತು.

ಸಂಜೆ ಅಚ್ಚುಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆವು. ಹೀಲಿಯಾಸ್‌ನ ಚಿತ್ರದಲ್ಲಿ ಹಿಂದಿನ ಅಡಿಕೆ ಸೋಗೆಗಳೆಲ್ಲ ಅಕ್ಕನ ತಲೆಯ ಸುತ್ತ ಸುಳಿಯಾಗಿ ತಿರುಗಿದ್ದವು. ಓರೆಯಾಗಿ ಬರುವ ಬೆಳಕನ್ನು ಕೊಳವೆಯ ಅಂಚು ಕತ್ತರಿಸುವುದರಿಂದ ಒಂದೊಂದು ಬೆಳಕಿನ ಚುಕ್ಕೆಯೂ ಬೆಕ್ಕಿನ ಕಣ್ಣಿನಂತೆ ಉದ್ದವಾಗಿ, ನಡುವನ್ನು ಸುತ್ತುವರಿದಂತೆ ಕಾಣುತ್ತದೆ. ಅಕ್ಕ ಅದನ್ನು ದೂರ ಹಿಡಿದು ನೋಡಿ, "ಪ್ರಭಾವಳಿ ಬೇರೆ ಇಟ್ಟಿದ್ದೀಯ. ನನ್ನನ್ನೇನು ಮೆರವಣಿಗೆ ಅಮ್ಮನವರು ಮಾಡಿದೆಯೇನೋ?" ಎಂದಳು. ಪೂರ್ವ ಜರ್ಮನಿಯ ಮೇಯರ್ ಕಂಪೆನಿಯ ಟ್ರಯೋಪ್ಲಾನ್, ಬರಿಯ ಮೂರು ಗಾಜಿನ ಮಸೂರ, ಎಲೆಗಳ ಮೇಲಿನ ಮಳೆಹನಿಗಳನ್ನೆಲ್ಲ ಸಾಬೂನಿನ ಗುಳ್ಳೆಗಳನ್ನಾಗಿ ಮಾಡಿತ್ತು, ಗುಳ್ಳೆಯ ಅಂಚು ಹೊಳಪು, ಒಳಗೆ ಟೊಳ್ಳು. ಮೊಮ್ಮಗಳು ಅದೇ ಚೆಂದವೆಂದಳು. ಗುಳ್ಳೆಗಳ ನಡುವೆ ಮುಖವೆಲ್ಲಿ ಎಂದು ಹುಡುಕಬೇಕಾಗಿತ್ತು. ನನಗೆ ಟ್ರಯೋಪ್ಲಾನ್‌ನ ಇಂದಿನ ಕೀರ್ತಿ ಅರ್ಥವಾಗಿಲ್ಲ.

ನಿಕ್ಕೋರ್, ಎಫ್ 4ರಲ್ಲಿ, ಏನನ್ನೂ ಬಿಟ್ಟಿರಲಿಲ್ಲ. ಕಲೆಗಳು, ಸುಕ್ಕುಗಳು, ಸೀರೆಯ ನೂಲು, ಕನ್ನಡಕದ ಕಡ್ಡಿಯು ಮೂಗಿನ ಮೇಲೆ ಒತ್ತಿದ ಗುರುತು, ಎಲ್ಲವೂ ಗ್ರಾಮಲೆಕ್ಕಿಗರ ಪಹಣಿಯಂತೆ ದಾಖಲಾಗಿದ್ದವು. ಜ್ಯೂಪಿಟರ್, ಪೂರ್ತಿ ಬಾಯಿ ತೆರೆದಾಗ, ಅದೇ ಕಲೆಗಳನ್ನು ತೋರುತ್ತಿತ್ತು. ಆದರೆ ಅವುಗಳ ನೆರಳು ತಿಳಿಯಾಗಿ, ಕೆನ್ನೆಯ ಮೇಲೆ ಹಾಲಿನ ಕೆನೆಯಂಥ ಒಂದು ಹೊಳಪು ಹರಡಿತ್ತು. ನಾನು ಗೋಡೆಗೆಂದು ಮನಸ್ಸಿನಲ್ಲಿ ಆರಿಸಿದ್ದು ಅದನ್ನೇ.

ಕೊನೆಯದು ರಟ್ಟಿನ ಕೊಳವೆಯದು, ಭೂತಗನ್ನಡಿಯ ಗಾಜಿನದು. ಅದರಲ್ಲಿ ಕಲೆಗಳೇ ಇರಲಿಲ್ಲ. ಮಂಜಿನೊಳಗಿನಿಂದ ಎರಡು ಕಣ್ಣುಗಳು ಮಾತ್ರ ನೋಡುತ್ತಿದ್ದವು. ಅಕ್ಕ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ, "ಇದು ಅರವತ್ತೆರಡರ ಫೋಟೋ ಕಣೋ," ಎಂದಳು.

ಗೋಡೆಗೆ ಆಕೆ ಆರಿಸಿದ್ದು ನಿಕ್ಕೋರ್‌ನದನ್ನು. ಜ್ಯೂಪಿಟರ್‌ನ ಪರವಾಗಿ ನಾನು ಸ್ವಲ್ಪ ವಾದಿಸಿದೆ. "ನಾಳೆ ಎಡೆ ಇಡೋ ಮೊಮ್ಮಕ್ಕಳಿಗೆ ಯಾರಿಗೆ ಇಡ್ತಿದೀವಿ ಅಂತ ತಿಳಿಯಬೇಡವೇ? ಇದು ನಾನು. ಅದು ನಿನ್ನ ಅಕ್ಕ," ಎಂದಳು. ಕೊಳವೆಯ ಚಿತ್ರವನ್ನೂ ಒಂದು ಸಣ್ಣ ಅಳತೆಯಲ್ಲಿ ಮಾಡಿಸಿಕೊಡೆಂದು, ಒಳಗೆ ಹೋಗುವಾಗ ದನಿ ತಗ್ಗಿಸಿ ಹೇಳಿದಳು. ಅದು ಈಗ ಆಕೆಯ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಏಕೆಂದು ನಾನು ಕೇಳಿಲ್ಲ.

ಸ್ಫುಟವಾದದ್ದೇ ಸತ್ಯವೆಂದು ನಾನು ಇಂದಿಗೂ ಒಪ್ಪಲಾರೆ. ಏಳು ಅಡಿ ದೂರದಿಂದ ಮಾತಾಡುವಾಗ ಯಾರೂ ಎದುರಿನವರ ಚರ್ಮದ ರಂಧ್ರಗಳನ್ನು ಎಣಿಸುವುದಿಲ್ಲ. ನಮ್ಮ ನೋಟ ಕಣ್ಣಿನಿಂದ ತುಟಿಗೆ, ತುಟಿಯಿಂದ ಕಣ್ಣಿಗೆ ಹಾರುತ್ತಿರುತ್ತದೆ, ಉಳಿದದ್ದು ಮಸುಕಾಗಿಯೇ ಇರುತ್ತದೆ. ಪೆಟ್ಸ್‌ವಾಲನ ಗಾಜು ನೋಡುವುದೂ ಹಾಗೆಯೇ. ಸೀಸದಕಡ್ಡಿಯ ತಿದ್ದುಪಡಿಗೂ ಗಾಜಿನ ಮೃದುತ್ವಕ್ಕೂ ನಡುವೆ ಒಂದು ಗೆರೆ ಇದೆಯೆಂದು ನನ್ನ ನಂಬಿಕೆ: ಒಂದು ಇದ್ದುದನ್ನು ಅಳಿಸುತ್ತದೆ, ಇನ್ನೊಂದು ಇದ್ದುದನ್ನು ಮೆಲುದನಿಯಲ್ಲಿ ಹೇಳುತ್ತದೆ. ಅಕ್ಕನೊಡನೆ ಈ ವಾದವನ್ನು ಹೂಡಿದರೆ ನಾನು ಗೆಲ್ಲುವಂತಿಲ್ಲ. ಕಾಗದ ಬಂದದ್ದು ಆಕೆಯ ಹೆಸರಿಗೆ.

ಈ ಹವ್ಯಾಸಕ್ಕೆ ಕೈಹಾಕುವ ತರುಣರಿಗೆ ಒಂದೆರಡು ಉಪಯುಕ್ತ ಮಾತು. ಹಳೆಯ ಮಸೂರಗಳಿಗೆ ಈಗ ಮರುಜನ್ಮ ಬಂದಿರುವುದು 2008ರ ಬಳಿಕ ಬಂದ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳಿಂದ. ಕನ್ನಡಿಯ ಜಾಗ ಉಳಿದಿರುವುದರಿಂದ ನಡುವೆ ಒಂದು ಲೋಹದ ಬಳೆ ಸೇರಿಸಿದರೆ ಯಾವ ದೇಶದ, ಯಾವ ಕಾಲದ ಮಸೂರವಾದರೂ ಅವುಗಳಿಗೆ ಕೂಡುತ್ತದೆ. ಕೊಳ್ಳುವ ಮೊದಲು ಮಸೂರವನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಸೂರಗಳ ಮೊದಲ ಶತ್ರು. ಬಹುಕಾಲ ಬಿಟ್ಟರೆ ಅದು ಲೇಪವನ್ನೇ ತಿಂದುಬಿಡುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜುಗಳನ್ನು ಅಂಟಿಸಿದ ಮೇಣ ಬಿಟ್ಟಿದೆಯೆಂದು ತಿಳಿಯಬೇಕು. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಪದ್ಧತಿ ನಮ್ಮಲ್ಲಿ ಉಂಟು. ತೇವದ ಜೊತೆಗೆ ಅಕ್ಕಿಯ ಹುಡಿಯೂ ಒಳಹೋಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡುವುದು ಮೇಲು. ಎಲ್ಲಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆ ಹೊರತೆಗೆದು ಚಿತ್ರ ತೆಗೆಯುವುದು.

ಮೊಬೈಲ್ ಫೋನಿನಲ್ಲಿ ಇದೆಲ್ಲ ಒಂದು ಗುಂಡಿ ಒತ್ತಿದರೆ ಬರುವುದಿಲ್ಲವೇ ಎಂದು ಮೊಮ್ಮಗಳು ಕೇಳುತ್ತಾಳೆ. ಬರುತ್ತದೆ, ಯಾವುದು ಮುಖ, ಯಾವುದು ಹಿನ್ನೆಲೆ ಎಂದು ಫೋನು ಲೆಕ್ಕ ಹಾಕಿ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಪೆಟ್ಸ್‌ವಾಲನ ಹನ್ನೊಂದು ಜನ ತಿಂಗಳುಗಟ್ಟಲೆ ಮಾಡಿದ್ದನ್ನು ಮೀರಿದ ಲೆಕ್ಕ, ರೆಪ್ಪೆ ಬಡಿಯುವುದರೊಳಗೆ. ಅಕ್ಕನ ಚಿತ್ರವನ್ನು ಆಕೆ ಫೋನಿನಲ್ಲೂ ತೆಗೆದಳು. ಹಿನ್ನೆಲೆಯೇನೋ ಕರಗಿತು. ಯಾರೂ ಕೇಳದೆಯೇ ಕೆನ್ನೆಯೂ ನುಣುಪಾಗಿತ್ತು. ಅಕ್ಕ ನೋಡಿ ಏನೂ ಹೇಳದೆ ಫೋನನ್ನು ಹಿಂದಕ್ಕೆ ಕೊಟ್ಟಳು.

ಗುಜರಿಯ ಹಿತ್ತಾಳೆ ಕೊಳವೆಗೆ ಇನ್ನೂ ಕ್ಯಾಮೆರಾ ಆಗಿಲ್ಲ. ಅದು ಬರೆಯುವ ಬಿಂಬ ಡಿಜಿಟಲ್ ಕ್ಯಾಮೆರಾದ ಸಣ್ಣ ಚೌಕಟ್ಟಿಗೆ ಮಿಗಿಲು. ಅದರ ಸುಳಿಯೆಲ್ಲ ಹೊರಗೇ ಉಳಿದುಬಿಡುತ್ತದೆ. ಆದುದರಿಂದ ನಮ್ಮೂರಿನ ಆಚಾರಿಯವರಿಗೆ ಹಲಸಿನ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಲು ಹೇಳಿದ್ದೇನೆ, ಹಿಂದೆ ಮಸುಕು ಗಾಜು, ಎದುರಿಗೆ ಕೊಳವೆ. ಮರ ಇನ್ನೂ ಒಣಗಬೇಕು, ಈ ಬೇಸಗೆ ಕಳೆಯಲಿ ಎನ್ನುತ್ತಾರೆ ಅವರು.